ಕವಚ ಯಾರ ರಕ್ಷಣೆಗೆ? ಗೇಮ್‌ಗಳ ಹೆಣ್ಣು ಪಾತ್ರಗಳು ತೊಡುವ ಬಟ್ಟೆಯ ಬಗ್ಗೆ

2013ರಲ್ಲಿ ಜಪಾನಿನ ಗೇಮ್ ನಿರ್ದೇಶಕ ಹಿದೆಯೊ ಕೊಜಿಮಾ ತಮ್ಮ ಮುಂದಿನ ಗೇಮ್‌ನ ಒಂದು ಪಾತ್ರವನ್ನು ಪರಿಚಯಿಸಿದರು. ಅವಳ ಹೆಸರು ಕ್ವಾಯೆಟ್. ದೂರದಿಂದ ಗುರಿಯಿಟ್ಟು ಹೊಡೆಯುವ ಸ್ನೈಪರ್, ಆ ಆಟದ ಅತ್ಯಂತ ನುರಿತ ಸೈನಿಕರಲ್ಲಿ ಒಬ್ಬಳು. ಮೈಮೇಲೆ ಇದ್ದದ್ದು ಬಿಕಿನಿ, ಹರಿದ ಸ್ಟಾಕಿಂಗ್ಸ್, ಬೂಟು, ಗ್ಲೌಸ್. ಅಷ್ಟೇ. ಅವಳನ್ನು ನಾವು ಭೇಟಿಯಾಗುವುದು ಅಫ್ಘಾನಿಸ್ತಾನದ ಕಲ್ಲುಗುಡ್ಡಗಳ ನಡುವೆ. ಸುತ್ತಲಿನ ಗಂಡು ಸೈನಿಕರೆಲ್ಲ ಕುತ್ತಿಗೆಯಿಂದ ಕಾಲಿನವರೆಗೆ ಸಮವಸ್ತ್ರ ತೊಟ್ಟವರು.

ಟೀಕೆ ಬಂತು. ಅವಳು ಹಾಗಿರುವುದಕ್ಕೆ ಒಂದು ಗುಟ್ಟಾದ ಕಾರಣ ಇದೆ, ಅದು ಗೊತ್ತಾದ ದಿನ ನಿಮ್ಮ ಮಾತಿಗೆ ನೀವೇ ನಾಚುತ್ತೀರಿ ಎಂದು ಕೊಜಿಮಾ ಟ್ವೀಟ್ ಮಾಡಿದರು. 2015ರಲ್ಲಿ ‘ಮೆಟಲ್ ಗಿಯರ್ ಸಾಲಿಡ್ 5: ದಿ ಫ್ಯಾಂಟಮ್ ಪೇನ್’ ಬಿಡುಗಡೆಯಾಯಿತು. ಕಾರಣವೂ ಗೊತ್ತಾಯಿತು. ಅವಳ ಮೈಯಲ್ಲಿ ಪರಾವಲಂಬಿ ಜೀವಿಗಳಿವೆ, ಅವಳು ಚರ್ಮದಿಂದಲೇ ಉಸಿರಾಡುತ್ತಾಳೆ, ಬಟ್ಟೆ ಹಾಕಿದರೆ ಉಸಿರು ಕಟ್ಟುತ್ತದೆ. ಆದರೆ ಇದೇ ಸರಣಿಯ 2004ರ ಗೇಮ್‌ನಲ್ಲಿ ‘ದಿ ಎಂಡ್’ ಎಂಬ ಮುದುಕ ಸ್ನೈಪರ್ ಒಬ್ಬನಿದ್ದಾನೆ. ಅವನ ಮೈಯಲ್ಲೂ ಅಂಥದ್ದೇ ಜೀವಿಗಳು. ಅವನೂ ಗಿಡಗಳ ಹಾಗೆ ಬಿಸಿಲಿನಿಂದ ಶಕ್ತಿ ಪಡೆಯುತ್ತಾನೆ. ಅವನು ಮಾತ್ರ ಮೈತುಂಬ ಬಟ್ಟೆ ಹಾಕಿಕೊಂಡು, ಕಾಡಿನಲ್ಲಿ ಅಡಗಿ ಕೂತು, ಆರಾಮಾಗಿ ಬಂದೂಕು ಹೊಡೆಯುತ್ತಾನೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಕಥೆಯೊಳಗಿನ ಕಾರಣ ಎಷ್ಟೇ ಜಾಣತನದ್ದಾಗಿರಲಿ, ಆ ಕಥೆಯನ್ನು ಯಾರೋ ಕೂತು ಬರೆದಿರುತ್ತಾರೆ. ಕ್ವಾಯೆಟ್ ತನ್ನ ಬಟ್ಟೆಯನ್ನು ತಾನೇ ಆರಿಸಿಕೊಂಡವಳಲ್ಲ. ಯಾವ ಗೇಮ್ ಪಾತ್ರವೂ ಅಲ್ಲ. ‘ಅದು ಅವಳ ಇಷ್ಟ, ಅವಳ ಆತ್ಮವಿಶ್ವಾಸ’ ಎಂದು ವಾದಿಸುವವರು ಇದನ್ನು ಮರೆಯುತ್ತಾರೆ. ನಿಜವಾದ ಹೆಂಗಸು ಏನು ತೊಡುತ್ತಾಳೆ ಎಂಬುದು ಅವಳದೇ ವಿಷಯ, ಅದರಲ್ಲಿ ಬೇರೆಯವರು ಮೂಗು ತೂರಿಸಬಾರದು. ಗೇಮ್ ಪಾತ್ರ ಹಾಗಲ್ಲ. ಅವಳ ಒಂದೊಂದು ಗುಂಡಿಯನ್ನೂ ಒಬ್ಬ ಡಿಸೈನರ್ ಬಿಡಿಸಿದ್ದಾರೆ, ಇನ್ನೊಬ್ಬರು ಒಪ್ಪಿಗೆ ಕೊಟ್ಟಿದ್ದಾರೆ. ಹಾಗಾಗಿ ಯಾಕೆ ಎಂದು ಅವರನ್ನು ಕೇಳಬಹುದು.

ಮೈ ಕಾಣುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಗೇಮ್‌ಗಳಲ್ಲಿ ಚೆಲುವು ಇರಲಿ, ಮೋಹ ಇರಲಿ, ಕಾಮವೂ ಇರಲಿ. ದೊಡ್ಡವರಿಗಾಗಿ ಮಾಡಿದ ಕಲೆಯಲ್ಲಿ ಅವಕ್ಕೆಲ್ಲ ಜಾಗ ಇದೆ. ನನ್ನ ತಕರಾರು ಬೇರೆ. ಒಂದೇ ಲೋಕದಲ್ಲಿ, ಒಂದೇ ಕೆಲಸ ಮಾಡುವ ಇಬ್ಬರಿಗೆ ಎರಡು ನಿಯಮ ಯಾಕೆ? ಗಂಡಿನ ಬಟ್ಟೆ ಅವನ ಕೆಲಸವನ್ನು ಹೇಳುತ್ತದೆ. ಹೆಣ್ಣಿನ ಬಟ್ಟೆ ಅವಳನ್ನು ನೋಡುವವನು ಯಾರು ಎಂಬುದನ್ನು ಹೇಳುತ್ತದೆ. ಈ ವ್ಯತ್ಯಾಸವೇ ಸಮಸ್ಯೆ.

ಕವಚವನ್ನೇ ತೆಗೆದುಕೊಳ್ಳೋಣ, ಯಾಕೆಂದರೆ ಈ ವ್ಯತ್ಯಾಸ ಅಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಹದಿನೈದನೇ ಶತಮಾನದ ಯುರೋಪಿನ ಪೂರ್ತಿ ಉಕ್ಕಿನ ಕವಚ ಸುಮಾರು 15ರಿಂದ 25 ಕೆಜಿ ತೂಗುತ್ತಿತ್ತು. ಭಾರ ಇಡೀ ಮೈಗೆ ಹಂಚಿಹೋಗುತ್ತಿದ್ದುದರಿಂದ ಅದನ್ನು ತೊಟ್ಟು ಓಡಬಹುದಿತ್ತು, ಬಿದ್ದರೆ ಎದ್ದೇಳಬಹುದಿತ್ತು. ಉಕ್ಕಿನ ಕೆಳಗೆ ದಪ್ಪಗೆ ಹತ್ತಿ ಅಥವಾ ನಾರುಬಟ್ಟೆ ತುಂಬಿ ಹೊಲಿದ ಅಂಗಿ ಇರುತ್ತಿತ್ತು. ಅದಿಲ್ಲದಿದ್ದರೆ ಕತ್ತಿ ಒಳಗೆ ಹೋಗದಿದ್ದರೂ ಏಟಿನ ರಭಸಕ್ಕೆ ಮೂಳೆ ಮುರಿಯಬಹುದಿತ್ತು. ಇಷ್ಟಾದರೂ ಕಂಕುಳು, ತೊಡೆಸಂದು, ಮುಖದ ಕಿಂಡಿ ಇವು ದುರ್ಬಲ ಜಾಗಗಳಾಗಿಯೇ ಉಳಿಯುತ್ತಿದ್ದವು. ಎದುರಾಳಿ ಹುಡುಕುತ್ತಿದ್ದದ್ದು ಇವನ್ನೇ. ಅಂದರೆ ಕವಚ ಮಾಡುವವನ ಪೂರ್ತಿ ಜಾಣತನ ಹೋಗುತ್ತಿದ್ದದ್ದು ಸಂದುಗಳನ್ನು ಮುಚ್ಚುವುದಕ್ಕೆ. ಗೇಮ್‌ನ ‘ಬಿಕಿನಿ ಆರ್ಮರ್’ ಮಾಡುವುದು ಇದರ ತದ್ವಿರುದ್ಧ. ಹೆಗಲಿಗೆ ದೊಡ್ಡ ಉಕ್ಕಿನ ತಟ್ಟೆ, ಮೊಣಕಾಲಿಗೆ ಇನ್ನೊಂದು. ಹೊಟ್ಟೆ, ತೊಡೆ, ಎದೆಯ ನಡುವೆ ಮಾತ್ರ ಏನೂ ಇಲ್ಲ. ಕರುಳು ಇರುವುದು ಹೊಟ್ಟೆಯಲ್ಲಿ, ದೊಡ್ಡ ರಕ್ತನಾಳ ಹಾದುಹೋಗುವುದು ತೊಡೆಯಲ್ಲಿ. ಸಾವು ಎಲ್ಲಿಂದ ಬರುತ್ತದೋ ಅಷ್ಟನ್ನು ಮಾತ್ರ ಆರಿಸಿ ತೆರೆದಿಟ್ಟಂತೆ ಇರುತ್ತದೆ.

ಹೆಚ್ಚು ಜನರ ಗಮನಕ್ಕೆ ಬಾರದ ಇನ್ನೊಂದು ತಪ್ಪು ಇದೆ. ಮೈ ಪೂರ್ತಿ ಮುಚ್ಚಿದರೂ ಎದೆಗವಚದಲ್ಲಿ ಎರಡು ಸ್ತನಗಳ ಆಕಾರವನ್ನು ಬೇರೆ ಬೇರೆಯಾಗಿ ಬಡಿದು ಮೂಡಿಸುವುದು. ಅದು ರಕ್ಷಣೆ ಅಲ್ಲ, ಅಪಾಯ. ಒಳ್ಳೆಯ ಎದೆಗವಚ ಮುಂದಕ್ಕೆ ಉಬ್ಬಿರುತ್ತದೆ, ನಡುವೆ ಏಣು ಇರುತ್ತದೆ. ಬಿದ್ದ ಏಟು ಆ ಕಡೆಗೋ ಈ ಕಡೆಗೋ ಜಾರಿ ಹೋಗಲಿ ಎಂದು ಹಾಗೆ ಮಾಡುವುದು. ಎರಡು ಉಬ್ಬುಗಳ ನಡುವೆ ತಗ್ಗು ಮಾಡಿದರೆ ಜಾರಿದ ಕತ್ತಿಯ ತುದಿ ನೇರವಾಗಿ ನಡುವಿಗೆ ಬರುತ್ತದೆ, ಎದೆಮೂಳೆಯ ಮೇಲೆ. ಅದರ ಹಿಂದೆ ಹೃದಯ. ಮುಂದಕ್ಕೆ ಮುಗ್ಗರಿಸಿ ಬಿದ್ದರೂ ಆ ತಗ್ಗಿನ ಅಂಚು ಅದೇ ಮೂಳೆಗೆ ಒತ್ತುತ್ತದೆ. ಹಾಗಾದರೆ ಹೆಂಗಸಿಗೆ ಜಾಗ ಬೇಡವೇ? ಜಾಗ ಮೊದಲಿನಿಂದಲೇ ಇದೆ. ಗಂಡಸರ ಎದೆಗವಚವೂ ಒಳಗೆ ದಪ್ಪ ಅಂಗಿ ಹಿಡಿಸುವಷ್ಟು ಉಬ್ಬಿಕೊಂಡೇ ಇರುತ್ತಿತ್ತು. 1429ರಲ್ಲಿ ಜೋನ್ ಆಫ್ ಆರ್ಕ್‌ಗಾಗಿ ಫ್ರಾನ್ಸಿನ ತೂರ್ ಊರಿನಲ್ಲಿ ಒಂದು ಕವಚ ಮಾಡಿಸಿದರು. ಅದಕ್ಕೆ ಆಗಿನ ಫ್ರೆಂಚ್ ಹಣದಲ್ಲಿ 100 ಲಿವ್ರ್ ಕೊಟ್ಟದ್ದು ರಾಜನ ಲೆಕ್ಕದ ಪುಸ್ತಕದಲ್ಲಿದೆ. ಆ ದಾಖಲೆ ಹೇಳುವುದು ಪೂರ್ತಿ ಕವಚ ಅಂತಲೇ.

‘ಅಯ್ಯೋ, ಡ್ರ್ಯಾಗನ್ ಹಾರುವ ಲೋಕದಲ್ಲಿ ಕವಚದ ಲೆಕ್ಕ ಯಾಕೆ?’ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಇದು ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಕಲ್ಪನೆಯ ಲೋಕಕ್ಕೆ ನಮ್ಮ ಲೋಕದ ಎಲ್ಲ ನಿಯಮ ಬೇಕಿಲ್ಲ, ನಿಜ. ಆದರೆ ಅದು ತನ್ನದೇ ನಿಯಮವನ್ನಾದರೂ ಪಾಲಿಸಬೇಕು, ಅಲ್ವಾ? 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ನೆನಪಿಸಿಕೊಳ್ಳಿ. ಅದರ ಹಳೆಯ ಕೆಲವು ಕವಚಗಳು ಗಂಡು ಪಾತ್ರದ ಮೇಲೆ ಗಟ್ಟಿಮುಟ್ಟಾದ ಉಕ್ಕಿನ ಉಡುಪು. ಅದನ್ನೇ ಬಿಚ್ಚಿ ಹೆಣ್ಣು ಪಾತ್ರಕ್ಕೆ ತೊಡಿಸಿದರೆ ಹೊಟ್ಟೆ, ತೊಡೆ ಕಾಣುವಂತೆ ಚಿಕ್ಕದಾಗುತ್ತದೆ. ರಕ್ಷಣೆಯ ಅಂಕ ಮಾತ್ರ ಒಂದೇ! ಇಲ್ಲಿ ಮಾಂತ್ರಿಕತೆ ಅಡ್ಡ ಬರಲಿಲ್ಲ, ಡ್ರ್ಯಾಗನ್ ಅಡ್ಡ ಬರಲಿಲ್ಲ. ವಸ್ತು ಒಂದೇ, ತೊಟ್ಟವರ ಮೈ ಬೇರೆ, ಅಷ್ಟೇ. ಮಾಯೆ ಕಾಪಾಡುತ್ತದೆ ಎನ್ನುವುದಾದರೆ ಅದೇ ಮಾಯೆ ಗಂಡಸರನ್ನೂ ಕಾಪಾಡಲಿ, ಅವರೂ ಚಡ್ಡಿಯಲ್ಲಿ ಯುದ್ಧಕ್ಕೆ ಹೋಗಲಿ.

ಹೀಗೆ ಕತ್ತರಿಸುವುದು ಸುಲಭದ ಕೆಲಸವೂ ಅಲ್ಲ. ಒಂದು ಕವಚದ ಮಾದರಿಯನ್ನು ಎರಡು ಮೈಗಳಿಗೆ ಸ್ವಲ್ಪ ಹೊಂದಿಸಿದರೆ ಸಾಕು. ಹೆಣ್ಣಿಗೆ ಬೇರೆಯದೇ ಕಟ್ ಬೇಕೆಂದರೆ ಬೇರೆ ಚಿತ್ರ, ಬೇರೆ ಮಾದರಿ, ಮಾದರಿಯ ಮೇಲೆ ಹೊದಿಸುವ ಬೇರೆ ಟೆಕ್ಸ್ಚರ್ ಬೇಕು. 2014ರಲ್ಲಿ ಯೂಬಿಸಾಫ್ಟ್ ಕಂಪನಿಯ ‘ಅಸಾಸಿನ್ಸ್ ಕ್ರೀಡ್ ಯೂನಿಟಿ’ಯಲ್ಲಿ ಆಡಬಹುದಾದ ಹೆಣ್ಣು ಪಾತ್ರ ಯಾಕಿಲ್ಲ ಎಂದು ಕೇಳಿದಾಗ, ಅನಿಮೇಷನ್, ದನಿ, ಬಟ್ಟೆ ಎಲ್ಲ ಎರಡು ಪಟ್ಟಾಗುತ್ತದೆ ಎಂಬ ಉತ್ತರ ಬಂತು. ಅದೇ ಸರಣಿಯಲ್ಲಿ ಹಿಂದೆ ಕೆಲಸ ಮಾಡಿದ್ದ ಅನಿಮೇಟರ್ ಜೊನಾಥನ್ ಕೂಪರ್, ಅದು ಒಂದೆರಡು ದಿನದ ಕೆಲಸ ಎಂದು ಬಹಿರಂಗವಾಗಿಯೇ ಹೇಳಿದರು. ಹೆಣ್ಣು ಪಾತ್ರ ಬೇಕು ಎಂದಾಗ ದುಡ್ಡಿಲ್ಲ, ಸಮಯವಿಲ್ಲ ಎನ್ನುವ ಉದ್ಯಮವೇ ಅವಳ ಕವಚ ಕತ್ತರಿಸುವುದಕ್ಕೆ ಮಾತ್ರ ಎರಡೂ ಹೊಂದಿಸಿಕೊಂಡು ಬಂದಿದೆ. 2011ರ ‘ಡಾರ್ಕ್ ಸೋಲ್ಸ್’ ನೋಡಿ. ಅಲ್ಲಿ ಉಕ್ಕಿನ ಕವಚ ಗಂಡಿಗೂ ಹೆಣ್ಣಿಗೂ ಹೆಚ್ಚುಕಡಿಮೆ ಒಂದೇ. ಹೆಲ್ಮೆಟ್ ಹಾಕಿದ ಮೇಲೆ ಒಳಗೆ ಯಾರಿದ್ದಾರೆ ಎಂದು ಹೇಳುವುದೂ ಕಷ್ಟ. ಅದರಿಂದ ಆಟದ ಆಕರ್ಷಣೆ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಈ ಚಾಳಿ ಎಲ್ಲಿಂದ ಬಂತು? 1986ರ ‘ಮೆಟ್ರಾಯ್ಡ್’ ಒಂದು ಒಳ್ಳೆಯ ಸುಳಿವು. ನಾಯಕಿ ಸೇಮಸ್ ಅರಾನ್ ಆಟವಿಡೀ ತಲೆಯಿಂದ ಕಾಲಿನವರೆಗೆ ಯಂತ್ರಕವಚದಲ್ಲಿ ಇರುತ್ತಾಳೆ. ಆಡಿದ ಹೆಚ್ಚಿನವರು ಅವಳನ್ನು ಗಂಡಸು ಎಂದೇ ಅಂದುಕೊಂಡಿದ್ದರು. ಕೊನೆಯಲ್ಲಿ ಅವಳು ಹೆಂಗಸು ಎಂದು ಗೊತ್ತಾಗುತ್ತದೆ. ಎಂಥ ಒಳ್ಳೆಯ ತಿರುವು! ಆದರೆ ಆಟವನ್ನು ಎಷ್ಟು ಬೇಗ ಮುಗಿಸುತ್ತೀರೋ ಅಷ್ಟು ಕಡಿಮೆ ಬಟ್ಟೆಯಲ್ಲಿ ಅವಳು ಕಾಣುತ್ತಾಳೆ. ನಿಧಾನಕ್ಕೆ ಮುಗಿಸಿದವರಿಗೆ ಕವಚ, ಬೇಗ ಮುಗಿಸಿದವರಿಗೆ ಬಿಕಿನಿ. ಇಡೀ ಆಟದಲ್ಲಿ ನೀವು ಅವಳೇ ಆಗಿದ್ದಿರಿ. ಕೊನೆಯ ಪರದೆಯಲ್ಲಿ ಅವಳು ನಿಮಗೆ ಸಿಕ್ಕ ಬಹುಮಾನ.

ತೊಂಬತ್ತರ ದಶಕ ಇದನ್ನು ಮಾರುಕಟ್ಟೆಯ ಸೂತ್ರ ಮಾಡಿತು. 1992ರ ‘ಫೇಟಲ್ ಫ್ಯೂರಿ 2’ರಲ್ಲಿ ಮಾಯ್ ಶಿರಾನುಯಿ ಬಂದಳು. ಹೋರಾಟದ ಗೇಮ್‌ಗಳಲ್ಲಿ ಎದೆಯ ಕುಲುಕಾಟವನ್ನೇ ಅನಿಮೇಷನ್ ಮಾಡಿ ತೋರಿಸುವ ಪದ್ಧತಿ ಅಲ್ಲಿಂದ ಬೆಳೆಯಿತು. 1996ರಲ್ಲಿ ‘ಟೂಂಬ್ ರೈಡರ್’ನ ಲಾರಾ ಕ್ರಾಫ್ಟ್. ಧೈರ್ಯ, ಓದು, ಬುದ್ಧಿ ಎಲ್ಲ ಇರುವ ಸಾಹಸಿ. ಅವಳನ್ನು ರೂಪಿಸಿದ ಟೋಬಿ ಗಾರ್ಡ್ ಮೊದಲ ಗೇಮ್ ಬಂದ ಸ್ವಲ್ಪ ಸಮಯದಲ್ಲೇ ಸ್ಟುಡಿಯೋ ಬಿಟ್ಟರು. ಅವಳನ್ನು ಪ್ರಚಾರ ಮಾಡಿದ ರೀತಿ ಅವರಿಗೆ ಒಪ್ಪಿಗೆಯಾಗದ್ದು ಅದಕ್ಕೆ ಒಂದು ಕಾರಣ. ಗೇಮ್ ಒಳಗಿನ ಲಾರಾಗಿಂತ ಜಾಹೀರಾತಿನ ಲಾರಾ ತೊಟ್ಟ ಬಟ್ಟೆ ಕಡಿಮೆ. ಗೇಮ್ ಮಾಡುವವರು ಬೇರೆ, ಮಾರುವವರು ಬೇರೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಮಾರುವವರ ಮನಸ್ಸಿನಲ್ಲಿದ್ದ ಗಿರಾಕಿ ಒಬ್ಬ ಹದಿಹರೆಯದ ಹುಡುಗ.

ಅಮೆರಿಕದ ಸಂಶೋಧಕಿ ಟೆರೇಸಾ ಲಿಂಚ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ 31 ವರ್ಷಗಳ ಗೇಮ್‌ಗಳಿಂದ 571 ಹೆಣ್ಣು ಪಾತ್ರಗಳನ್ನು ಪರಿಶೀಲಿಸಿತು. ಲೈಂಗಿಕವಾಗಿ ತೋರಿಸುವ ಪ್ರವೃತ್ತಿ ತೊಂಬತ್ತರ ದಶಕದಲ್ಲಿ ತುದಿ ಮುಟ್ಟಿ, ಆಮೇಲೆ ಇಳಿದಿದೆ ಎಂದು ಅದು ಕಂಡುಕೊಂಡಿತು. ಹೋರಾಟದ ಗೇಮ್‌ಗಳಲ್ಲಿ ಇದು ಜಾಸ್ತಿ ಎಂದೂ ಹೇಳಿತು. ಇಳಿದಿದೆ ಎಂಬುದು ಒಳ್ಳೆಯ ಸುದ್ದಿ, ಅದನ್ನು ಮುಚ್ಚಿಡಬಾರದು. ಟೀಕೆ ಮಾಡುವವರಲ್ಲಿ ಕೆಲವರು ಏನೂ ಬದಲಾಗಿಲ್ಲ ಎನ್ನುವಂತೆ ಮಾತಾಡುತ್ತಾರೆ. ಅದು ಸರಿಯಲ್ಲ.

ಹೋರಾಟದ ಗೇಮ್ ಎಂದಾಗ ನನಗೆ ಮೊದಲು ನೆನಪಾಗುವುದು 1998ರ ‘ಸೋಲ್‌ಕ್ಯಾಲಿಬರ್’ನ ಐವಿ. ಅವಳ ಆಯುಧ ತುಂಡು ತುಂಡಾಗಿ ಬಿಚ್ಚಿಕೊಂಡು ಚಾಟಿಯಾಗುವ ಕತ್ತಿ. ಗೇಮ್‌ಗಳ ಇತಿಹಾಸದಲ್ಲೇ ಇಷ್ಟು ಸೊಗಸಾದ ಕಲ್ಪನೆ ಕಡಿಮೆ. ಹತ್ತಾರು ಬ್ಲೇಡುಗಳು ತಂತಿಯಲ್ಲಿ ಪೋಣಿಸಿಕೊಂಡು ಅವಳ ಸುತ್ತಲೇ ಸುಳಿಯುತ್ತವೆ. ಹಾಗಿದ್ದಮೇಲೆ ಆ ಆಟದಲ್ಲಿ ದಪ್ಪ ತೊಗಲಿನ ರಕ್ಷಣೆ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಅವಳಿಗೇ. ಆದರೆ ಸರಣಿ ಮುಂದುವರಿದ ಹಾಗೆ ಅವಳ ಬಟ್ಟೆ ನಾಲ್ಕು ಪಟ್ಟಿಗಳಿಗೆ ಬಂದು ನಿಂತಿತು. ಅವಳ ಪಕ್ಕದಲ್ಲೇ ಸೀಗ್‌ಫ್ರೀಡ್ ದಪ್ಪ ಉಕ್ಕಿನ ಕವಚದಲ್ಲಿ ನಿಂತಿರುತ್ತಾನೆ. ಡಿಸೈನರ್ ಆಯುಧದ ಬಗ್ಗೆ ಅಷ್ಟು ಯೋಚಿಸಿ, ಅದನ್ನು ಹಿಡಿದವಳ ಬಗ್ಗೆ ಯೋಚಿಸುವುದನ್ನು ನಿಲ್ಲಿಸಿಬಿಟ್ಟರಲ್ಲ ಎಂದು ಬೇಸರವಾಗುತ್ತದೆ. ಕೆಟ್ಟ ಉಡುಪು ಒಳ್ಳೆಯ ಕಲ್ಪನೆಯನ್ನು ಹೇಗೆ ತಿಂದುಹಾಕುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಬಟ್ಟೆ ಎಂದರೆ ಬರೀ ಬಟ್ಟೆಯಲ್ಲ, ಕ್ಯಾಮೆರಾ ಕೂಡ. 2010ರ ‘ಮಾಸ್ ಎಫೆಕ್ಟ್ 2’ರಲ್ಲಿ ಮಿರಾಂಡಾ ಎಂಬ ಅಧಿಕಾರಿ ತನ್ನ ತಂಗಿಯ ಬಗ್ಗೆ ಆತಂಕದಿಂದ ಮಾತಾಡುವ ದೃಶ್ಯವಿದೆ. ಬರವಣಿಗೆ ಚೆನ್ನಾಗಿದೆ, ದನಿಯೂ ಚೆನ್ನಾಗಿದೆ. ಕ್ಯಾಮೆರಾ ಮಾತ್ರ ಅವಳ ಹಿಂಭಾಗವನ್ನು ತೋರಿಸುತ್ತಿರುತ್ತದೆ. ಆಡುತ್ತಿರುವವರು ಅವಳ ನೋವನ್ನು ಕೇಳಬೇಕೋ, ಬೇರೇನನ್ನೋ ನೋಡಬೇಕೋ? 2021ರಲ್ಲಿ ಅದೇ ಗೇಮನ್ನು ಹೊಸದಾಗಿ ಸಿದ್ಧಪಡಿಸಿ ತಂದಾಗ ಅಂಥ ಕೆಲವು ಶಾಟ್‌ಗಳನ್ನು ಬದಲಿಸಿದರು. ಅವಳ ಬಟ್ಟೆ ಹಾಗೇ ಇತ್ತು, ಮಾತೂ ಹಾಗೇ ಇತ್ತು. ಕ್ಯಾಮೆರಾ ಮುಖದ ಕಡೆ ತಿರುಗಿದ್ದೇ ತಡ, ದೃಶ್ಯದ ಅರ್ಥ ಸರಿಹೋಯಿತು. ಇದೇ ಗೇಮ್‌ನಲ್ಲಿ ಜ್ಯಾಕ್ ಎಂಬ ಪಾತ್ರ ಗಾಳಿಯೇ ಇಲ್ಲದ ಜಾಗಕ್ಕೂ ಎದೆಯ ಮೇಲೆ ಪಟ್ಟಿ, ಮೂಗಿಗೊಂದು ಮಾಸ್ಕ್ ಹಾಕಿಕೊಂಡು ಬರುತ್ತಾಳೆ. ನ್ಯಾಯವಾಗಿ ಹೇಳಬೇಕೆಂದರೆ, ಅಲ್ಲಿ ಎದೆ ತೆರೆದ ಕೋಟಿನ ಗಂಡು ಪಾತ್ರವೂ ಹಾಗೇ ಬರುತ್ತಾನೆ. ಅದು ಇಬ್ಬರಿಗೂ ಆದ ಅಸಡ್ಡೆ. ಕ್ಯಾಮೆರಾದ ಆ ನೋಟ ಮಾತ್ರ ಒಬ್ಬಳಿಗೇ ಮೀಸಲು.

ಗಂಡಸರೂ ಅರೆಬೆತ್ತಲೆ ಇರುತ್ತಾರಲ್ಲ ಎಂದು ‘ಗಾಡ್ ಆಫ್ ವಾರ್’ನ ಕ್ರೇಟೋಸ್‌ನನ್ನು ತೋರಿಸುವವರಿದ್ದಾರೆ. ಹೌದು, 2005ರಿಂದಲೂ ಅವನ ಎದೆ ತೆರೆದೇ ಇದೆ. 2018ರಲ್ಲಿ ಹಿಮದ ನಾಡಿಗೆ ಹೋದ ಮೇಲೂ ಹೆಚ್ಚುಕಡಿಮೆ ಹಾಗೇ. ಅದೂ ಅವ್ಯಾವಹಾರಿಕವೇ. ಆದರೆ ಆ ಮೈ ಯಾರಿಗಾಗಿ? ಗಾಯದ ಗುರುತು, ಬೂದಿ ಬಣ್ಣ, ಗಂಟುಗಂಟಾದ ಸ್ನಾಯು ಎಲ್ಲವೂ ಅವನ ಸಿಟ್ಟನ್ನು, ಪಾಪವನ್ನು ಹೇಳುತ್ತವೆ. ಆಡುವ ಗಂಡಸು ಅವನಂತೆ ಆಗಬೇಕೆಂದು ಬಯಸುತ್ತಾನೆ. ಕ್ಯಾಮೆರಾ ಅವನ ಸೊಂಟದ ಸುತ್ತ ನಿಧಾನವಾಗಿ ತಿರುಗುವುದಿಲ್ಲ. ಇನ್ನೊಂದು ವಿಷಯ, ಗಂಡು ಪಾತ್ರಗಳಲ್ಲಿ ಕ್ರೇಟೋಸ್ ಒಂದು ಬಗೆ ಮಾತ್ರ. ಮುದುಕರು, ದಪ್ಪಗಿರುವವರು, ಕುರೂಪಿಗಳು, ಕೋಟು ತೊಟ್ಟವರು, ಮುಖವೇ ಕಾಣದವರು ಎಲ್ಲರೂ ಅಲ್ಲಿದ್ದಾರೆ. ಹೆಣ್ಣು ಪಾತ್ರಗಳಿಗೆ ಆ ವೈವಿಧ್ಯ ಬಹಳ ಕಾಲ ಸಿಗಲೇ ಇಲ್ಲ.

ಮೈ ಕಾಣುವುದೆಲ್ಲ ಒಂದೇ ಅಲ್ಲ ಎಂದೆನಲ್ಲ, ಅದಕ್ಕೆ ‘ಬಯೊನೆಟ್ಟಾ’ ಒಳ್ಳೆಯ ಪರೀಕ್ಷೆ. 2009ರ ಈ ಗೇಮ್‌ನ ಮಾಟಗಾತಿಯ ಬಟ್ಟೆ ಅವಳ ಕೂದಲಿನಿಂದಲೇ ಆಗಿದೆ. ದೊಡ್ಡ ಏಟು ಹೊಡೆಯಲು ಆ ಕೂದಲನ್ನೇ ಬಳಸುತ್ತಾಳೆ, ಆಗ ಮೈ ಕಾಣುತ್ತದೆ. ಬಂದೂಕನ್ನು ಹಿಮ್ಮಡಿಗೂ ಕಟ್ಟಿಕೊಂಡಿದ್ದಾಳೆ. ವಿನ್ಯಾಸ ಮಾಡಿದ್ದು ಮಾರಿ ಶಿಮಾಜಾಕಿ ಎಂಬ ಮಹಿಳೆ. ಈ ಪಾತ್ರವನ್ನು ತುಂಬ ಮೆಚ್ಚುವ ಹೆಂಗಸರಿದ್ದಾರೆ, ತೀರಾ ಸಹಿಸದ ಹೆಂಗಸರೂ ಇದ್ದಾರೆ. ನನ್ನ ಮಟ್ಟಿಗೆ, ಅವಳ ಉಡುಪು ಅವಳ ಸ್ವಭಾವಕ್ಕೆ, ಅವಳ ಹೋರಾಟದ ರೀತಿಗೆ ಅಂಟಿಕೊಂಡಿದೆ. ಅದನ್ನು ತೆಗೆದರೆ ಪಾತ್ರವೇ ಉಳಿಯುವುದಿಲ್ಲ. ಕ್ವಾಯೆಟ್‌ಗೆ ಒಂದು ಅಂಗಿ ತೊಡಿಸಿದರೆ ಅವಳ ಮೌನ, ಅವಳ ಗುರಿ, ಅವಳ ದುರಂತ ಎಲ್ಲವೂ ಹಾಗೇ ಇರುತ್ತವೆ. ಆದರೂ ಬಯೊನೆಟ್ಟಾದ ಕ್ಯಾಮೆರಾ ಕೆಲವು ಕಡೆ ಅತಿಯಾಗಿದೆ ಎಂದೇ ನನಗನಿಸುತ್ತದೆ.

ಇನ್ನೂ ನಿರಾಳವಾದ ಉದಾಹರಣೆ 2020ರ ‘ಹೇಡೀಸ್’. ಗ್ರೀಕ್ ದೇವತೆಗಳ ಆ ಗೇಮ್‌ನಲ್ಲಿ ಅಫ್ರೋಡೈಟಿಯ ಮೈಮೇಲೆ ಇರುವುದು ಅವಳ ಕೂದಲು ಮಾತ್ರ. ಆದರೆ ಅಲ್ಲಿ ಗಂಡು ದೇವರುಗಳನ್ನೂ ಅಷ್ಟೇ ಮೋಹಕವಾಗಿ ಬಿಡಿಸಿದ್ದಾರೆ. ಯುದ್ಧದ ದೇವತೆ ಅಥೀನಾ ಕವಚದಲ್ಲಿದ್ದಾಳೆ, ಪ್ರೇಮದ ದೇವತೆ ಬೆತ್ತಲೆ ಇದ್ದಾಳೆ. ಯಾರು ಏನು ಎಂಬುದು ನೋಡಿದ ಕೂಡಲೇ ಗೊತ್ತಾಗುತ್ತದೆ. ಆ ಚಿತ್ರಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಇಂಥ ಚಿತ್ರಣ ಆಡುವವರ ಮನಸ್ಸನ್ನು ಕೆಡಿಸುತ್ತದೆಯೇ? ಇಲ್ಲಿ ಎಚ್ಚರದಿಂದ ಮಾತಾಡಬೇಕು. 2013ರಲ್ಲಿ ಜೆಸ್ಸಿ ಫಾಕ್ಸ್ ಮತ್ತು ಸಂಗಡಿಗರು ಮಾಡಿದ ಪ್ರಯೋಗದಲ್ಲಿ, ವರ್ಚುವಲ್ ರಿಯಾಲಿಟಿಯಲ್ಲಿ ಮೈ ಕಾಣುವ ಉಡುಪಿನ ಅವತಾರದೊಳಗೆ, ಅಂದರೆ ಕಂಪ್ಯೂಟರ್ ಲೋಕದ ಪ್ರತಿರೂಪದೊಳಗೆ, ಇದ್ದ ಹೆಂಗಸರು ಆಮೇಲೆ ತಮ್ಮ ಮೈಯ ಬಗ್ಗೆ ಹೆಚ್ಚು ಯೋಚಿಸುತ್ತಿದ್ದುದು ಕಂಡಿತು. ಆದರೆ ಕ್ರಿಸ್ಟೋಫರ್ ಫರ್ಗುಸನ್ ಮತ್ತು ಜೊತೆಗಾರರು 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಇಂಥ ಗೇಮ್‌ಗಳಿಂದ ಆಡುವವರಲ್ಲಿ ಸ್ತ್ರೀದ್ವೇಷ ಹೆಚ್ಚುತ್ತದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಹಾಗಾಗಿ ‘ಈ ಗೇಮ್ ಆಡಿದವನು ಹಾಳಾಗುತ್ತಾನೆ’ ಎಂಬ ವಾದವನ್ನು ನಾನು ಮಾಡುವುದಿಲ್ಲ. ಮಾಡುವ ಅಗತ್ಯವೂ ಇಲ್ಲ. ಒಂದು ವಿನ್ಯಾಸ ಕೆಟ್ಟದ್ದು ಎನ್ನಲು ಅದು ಅಪರಾಧ ಹುಟ್ಟಿಸಬೇಕಿಲ್ಲ. ಅಮೆರಿಕದ ಗೇಮ್ ಉದ್ಯಮದ ಸಂಘವಾದ ಇಎಸ್‌ಎ 2023ರಲ್ಲಿ ಕೊಟ್ಟ ಲೆಕ್ಕದಂತೆ ಅಲ್ಲಿ ಆಡುವವರಲ್ಲಿ 46% ಹೆಂಗಸರು. ಅವರಲ್ಲಿ ಒಬ್ಬಳು ಹೊಸ ಗೇಮ್ ತೆರೆದು ಯೋಧೆಯನ್ನು ಆರಿಸಿಕೊಂಡು, ಕಷ್ಟಪಟ್ಟು ಗೆದ್ದ ಕವಚ ತೊಟ್ಟಾಗ, ‘ಈ ಆಟ ನಿನಗಾಗಿ ಮಾಡಿದ್ದಲ್ಲ’ ಎಂದು ಪರದೆಯೇ ಹೇಳಿದಂತಾದರೆ ಅಷ್ಟೇ ಸಾಕು ತಕರಾರಿಗೆ.

ಆ ತಕರಾರನ್ನು ಎತ್ತಿದವರು ಬೆಲೆ ತೆತ್ತಿದ್ದಾರೆ. ಅನೀಟಾ ಸರ್ಕೀಸಿಯನ್ 2013ರಿಂದ ಗೇಮ್‌ಗಳ ಹೆಣ್ಣು ಪಾತ್ರಗಳ ಬಗ್ಗೆ ವಿಡಿಯೋ ಸರಣಿ ಮಾಡಿದರು. ಅದಕ್ಕೆ ಹಣ ಸಂಗ್ರಹ ಶುರು ಮಾಡಿದಾಗಿನಿಂದಲೇ ಬೈಗುಳ, ಬೆದರಿಕೆ ಶುರುವಾಯಿತು. 2014ರ ಅಕ್ಟೋಬರ್‌ನಲ್ಲಿ ಯೂಟಾ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಅವರ ಭಾಷಣ ನಡೆದರೆ ಗುಂಡು ಹಾರಿಸುವುದಾಗಿ ಬೆದರಿಕೆ ಬಂತು. ಭಾಷಣ ರದ್ದಾಯಿತು. ಅವರ ಎಲ್ಲ ವಿಶ್ಲೇಷಣೆಯನ್ನೂ ನಾನು ಒಪ್ಪುವುದಿಲ್ಲ. ಆದರೆ ಬಟ್ಟೆಯ ಬಗ್ಗೆ ಒಂದು ಅಭಿಪ್ರಾಯ ಹೇಳಿದ್ದಕ್ಕೆ ಜೀವ ಬೆದರಿಕೆ ಹಾಕುವವರು ಗೇಮ್‌ಗಳನ್ನು ಪ್ರೀತಿಸುವವರಲ್ಲ.

‘ಟೀಕೆ ಎಂದರೆ ಸೆನ್ಸಾರ್’ ಎಂಬ ಮಾತೂ ಆಗಲೇ ಗಟ್ಟಿಯಾದದ್ದು. ಎರಡನ್ನೂ ಬಿಡಿಸಿ ನೋಡಬೇಕು. 2022ರ ಜನವರಿಯಲ್ಲಿ ಚೀನಾದ ಗೇಮ್ ‘ಗೆನ್‌ಶಿನ್ ಇಂಪ್ಯಾಕ್ಟ್’ನಲ್ಲಿ ಆ್ಯಂಬರ್, ಜೀನ್, ಮೋನಾ, ರೊಸಾರಿಯಾ ಪಾತ್ರಗಳಿಗೆ ಮೈ ಹೆಚ್ಚು ಮುಚ್ಚುವ ಉಡುಪು ಬಂತು. ಚೀನಾದ ನಿಯಮಗಳಿಗೆ ಹೊಂದಿಸಲು ಮಾಡಿದ ಬದಲಾವಣೆ ಅದು. ಸರ್ಕಾರದ ಒತ್ತಡ ಬಂದಾಗ ಪಾತ್ರ ಏನು, ಅವಳ ಕೆಲಸ ಏನು ಎಂಬ ಪ್ರಶ್ನೆಯೇ ಏಳುವುದಿಲ್ಲ. ಎಷ್ಟು ಇಂಚು ಮುಚ್ಚಬೇಕು ಎಂಬುದಷ್ಟೇ ಲೆಕ್ಕ. ಇದನ್ನು ನಾನು ಬೆಂಬಲಿಸಲಾರೆ. 2016ರ ‘ಓವರ್‌ವಾಚ್’ ಪ್ರಸಂಗ ಬೇರೆ. ಟ್ರೇಸರ್ ಎಂಬ ಪಾತ್ರ ಗೆದ್ದಾಗ ನಿಲ್ಲುವ ಒಂದು ಭಂಗಿ ಬರೀ ಹಿಂಭಾಗ ತೋರಿಸುವಂತಿದೆ, ಅದು ಅವಳ ಸ್ವಭಾವಕ್ಕೆ ಹೊಂದುವುದಿಲ್ಲ ಎಂದು ಅಭಿಮಾನಿಯೊಬ್ಬರು ಬರೆದರು. ಗಮನಿಸಿ, ಟ್ರೇಸರ್ ಮೈತುಂಬ ಬಟ್ಟೆ ತೊಟ್ಟ ಪಾತ್ರ. ತಂಡ ಯೋಚಿಸಿ, ಒಪ್ಪಿ, ಭಂಗಿ ಬದಲಿಸಿತು. ಹೊಸ ಭಂಗಿಯಲ್ಲೂ ಹಿಂಭಾಗ ಕಾಣುತ್ತದೆ, ಆದರೆ ಅವಳ ತುಂಟತನವೂ ಕಾಣುತ್ತದೆ. ಓದುಗರ ಟೀಕೆ ಕೇಳಿ ಲೇಖಕರು ಮುಂದಿನ ಮುದ್ರಣದಲ್ಲಿ ಒಂದು ಸಾಲು ತಿದ್ದಿದ ಹಾಗೆ ಅದು.

ಬದಲಾದ ಗೇಮ್‌ಗಳು ಏನು ಕಳೆದುಕೊಂಡವು? 2013ರ ಹೊಸ ‘ಟೂಂಬ್ ರೈಡರ್’ನಲ್ಲಿ ಲಾರಾ ಉದ್ದ ಪ್ಯಾಂಟು ತೊಟ್ಟಳು. ಸರಣಿಗೆ ಹೊಸ ಜೀವ ಬಂತು. 2020ರ ‘ಫೈನಲ್ ಫ್ಯಾಂಟಸಿ 7 ರೀಮೇಕ್’ನಲ್ಲಿ ಟೀಫಾಗೆ ಮೈಗೆ ಬಿಗಿಯಾಗಿ ಕೂರುವ ಕಪ್ಪು ಒಳ ಉಡುಪು ಕೊಟ್ಟರು. ಕಂಪನಿಯೊಳಗಿನ ನೀತಿ ವಿಭಾಗದ ಸಲಹೆಯಂತೆ, ಜೋರು ಹೊಡೆದಾಟದಲ್ಲಿ ಅಸಹಜವಾಗಿ ಕಾಣಬಾರದೆಂದು ಹಾಗೆ ಮಾಡಿದ್ದಾಗಿ ಗೇಮ್‌ನ ನಿರ್ದೇಶಕ ಟೆಟ್ಸುಯಾ ನೊಮುರಾ ಹೇಳಿದರು. ಅವಳು ಮುಷ್ಟಿಯಿಂದ, ಕಾಲಿನಿಂದ ಹೊಡೆದಾಡುವವಳು. ಕ್ರೀಡಾಪಟು ಏನು ತೊಡುತ್ತಾಳೋ ಅದನ್ನೇ ತೊಡಿಸಿದರು, ಚೆಲುವಿಗೆ ಏನೂ ಕೊರತೆಯಾಗಲಿಲ್ಲ. 2013ರಲ್ಲಿ ಬೆಲ್ಜಿಯಂನ ಲಾರಿಯನ್ ಸ್ಟುಡಿಯೋ ‘ಡಿವಿನಿಟಿ: ಒರಿಜಿನಲ್ ಸಿನ್’ ಮುಖಪುಟದ ಯೋಧೆಯ ಹೊಟ್ಟೆ ಮುಚ್ಚಿಸಿದಾಗ ಜಗಳವಾಗಿತ್ತು. ಸರಿಯಾಗಿ 10 ವರ್ಷದ ಮೇಲೆ ಅದೇ ಸ್ಟುಡಿಯೋ ‘ಬಾಲ್ಡರ್ಸ್ ಗೇಟ್ 3’ ತಂದಿತು. ಅಲ್ಲಿ ಪ್ರಣಯವಿದೆ, ಬೇಕೆಂದರೆ ಪೂರ್ತಿ ಬೆತ್ತಲೆಯೂ ಇದೆ, ಬೇಡವೆಂದರೆ ಮುಚ್ಚುವ ಆಯ್ಕೆಯಿದೆ. ಯುದ್ಧಕ್ಕೆ ಹೊರಟಾಗ ಮಾತ್ರ ಉಕ್ಕಿನ ಕವಚ ಎಲ್ಲರಿಗೂ ಉಕ್ಕಿನ ಕವಚವೇ. ಹಾಸಿಗೆಯ ನಿಯಮ ಹಾಸಿಗೆಗೆ, ರಣರಂಗದ ನಿಯಮ ರಣರಂಗಕ್ಕೆ.

ಎದುರು ಬದಿಯ ಸತ್ಯವನ್ನೂ ಹೇಳಬೇಕು. 2024ರ ಏಪ್ರಿಲ್‌ನಲ್ಲಿ ಕೊರಿಯಾದ ಶಿಫ್ಟ್ ಅಪ್ ಸ್ಟುಡಿಯೋ ‘ಸ್ಟೆಲ್ಲರ್ ಬ್ಲೇಡ್’ ತಂದಿತು. ನಾಯಕಿ ಈವ್‌ನ ಮೈಗೆ ಅಂಟಿದ ಉಡುಪುಗಳೇ ಪ್ರಚಾರದ ಕೇಂದ್ರ. ಬಿಡುಗಡೆಯ ದಿನದ ಅಪ್‌ಡೇಟ್‌ನಲ್ಲಿ ಒಂದೆರಡು ಉಡುಪುಗಳನ್ನು ಸ್ವಲ್ಪ ಮುಚ್ಚಿದ್ದಕ್ಕೆ ಅಭಿಮಾನಿಗಳು ಅರ್ಜಿ ಅಭಿಯಾನವನ್ನೇ ಮಾಡಿದರು. ಗೇಮ್ ಲಕ್ಷಗಟ್ಟಲೆ ಮಾರಾಟವಾಯಿತು. ಹೊಡೆದಾಟದ ರಚನೆ ನಿಜಕ್ಕೂ ಚೆನ್ನಾಗಿದೆ. ವಿಚಿತ್ರ ಎಂದರೆ, ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಮುಚ್ಚುವ ‘ಸ್ಕಿನ್ ಸೂಟ್’ ತೊಟ್ಟರೆ ಈವ್‌ನ ರಕ್ಷಣಾ ಶೀಲ್ಡ್ ಇಲ್ಲವಾಗುತ್ತದೆ, ಆಟ ಕಷ್ಟವಾಗುತ್ತದೆ. ಬಟ್ಟೆಗೂ ರಕ್ಷಣೆಗೂ ಸಂಬಂಧ ಇದೆ ಎಂದು ಆ ಗೇಮೇ ಅಲ್ಲಿ ಒಪ್ಪಿಕೊಂಡಿದೆ! ಅದೇ ಸ್ಟುಡಿಯೋದ ಮೊಬೈಲ್ ಗೇಮ್ ‘ನಿಕೆ’ಯಲ್ಲಂತೂ ಬಂದೂಕು ಹಿಡಿದು ಬಾಗಿ ನಿಂತ ಹುಡುಗಿಯರನ್ನು ಹಿಂದಿನಿಂದ ನೋಡುತ್ತಲೇ ಆಡಬೇಕು. ಹೊಸ ಪಾತ್ರ, ಹೊಸ ಉಡುಪು ಪಡೆಯಲು ಜನ ಮತ್ತೆ ಮತ್ತೆ ದುಡ್ಡು ಹಾಕುತ್ತಾರೆ.

ಈಗಿನ ಒತ್ತಡ ಇರುವುದು ಇಲ್ಲೇ. ಮೊದಲು ಗೇಮ್ ಒಮ್ಮೆ ಮಾರಾಟವಾಗುತ್ತಿತ್ತು. ಈಗ ಎಷ್ಟೋ ಗೇಮ್‌ಗಳು ಉಚಿತ, ಉಡುಪೇ ಸರಕು. ಪಾತ್ರ ಯಾವ ಬಟ್ಟೆಯಲ್ಲಿ ಮೊದಲು ಕಾಣುತ್ತಾಳೆ ಎಂಬುದು ಚೆನ್ನಾಗಿದ್ದರೂ, ನಂತರ ಮಾರುವ ‘ಸ್ಕಿನ್’ ಎಂಬ ಬೇರೆ ಉಡುಪುಗಳಲ್ಲಿ ಹಳೆಯ ಸೂತ್ರ ಮರಳಿ ಬರುತ್ತದೆ. ಆಯ್ಕೆ ಇರುವುದನ್ನು ನಾನು ವಿರೋಧಿಸುವುದಿಲ್ಲ. 2023ರ ‘ಸ್ಟ್ರೀಟ್ ಫೈಟರ್ 6’ ದಾರಿ ನನಗೆ ಇಷ್ಟ. ಅದರ ಹೋರಾಟಗಾರ್ತಿ ಕ್ಯಾಮಿ ಮೊದಲು ಜಾಕೆಟ್, ಉದ್ದ ಲೆಗ್ಗಿಂಗ್ಸ್ ತೊಟ್ಟು ಬರುತ್ತಾಳೆ. ತೊಡೆ ಕಾಣುವ ಹಳೆಯ ಬಿಗಿ ಉಡುಪು ಲಿಯೊಟಾರ್ಡ್ ಬೇಕೆನ್ನುವವರಿಗೆ ಅದೂ ಇದೆ. ಎಲ್ಲರಿಗೂ ಮೊದಲು ಸಿಗುವ ಉಡುಪು ಯಾವುದು, ಹುಡುಕಿ ತೆಗೆದುಕೊಳ್ಳಬೇಕಾದದ್ದು ಯಾವುದು ಎಂಬ ಕ್ರಮ ಅಲ್ಲಿ ಸರಿಯಾಗಿದೆ.

ಸ್ಟುಡಿಯೋಗಳ ಒಳಗೆ ಯಾರಿದ್ದಾರೆ ಎಂಬುದೂ ಮುಖ್ಯ. ಗೇಮ್ ತಯಾರಕರ ಅಂತರರಾಷ್ಟ್ರೀಯ ಸಂಘ ಐಜಿಡಿಎ 2005ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಹೆಂಗಸರು 11.5% ಇದ್ದರು. 2021ರ ಸಮೀಕ್ಷೆಯಲ್ಲಿ ಸುಮಾರು 30%. ಹೆಂಗಸರು ಬಂದ ಮಾತ್ರಕ್ಕೆ ಎಲ್ಲ ಉಡುಪೂ ಬದಲಾಗಬೇಕೆಂದಿಲ್ಲ, ಬಯೊನೆಟ್ಟಾ ಅದನ್ನೇ ತೋರಿಸುತ್ತಾಳೆ. ಆದರೆ ‘ಇದನ್ನು ಹಾಕಿಕೊಂಡು ಇವಳು ಓಡುವುದು ಹೇಗೆ?’ ಎಂದು ಮೀಟಿಂಗ್‌ನಲ್ಲಿ ಕೇಳುವವರ ಸಂಖ್ಯೆ ಹೆಚ್ಚುತ್ತದೆ.

ಆ ಪ್ರಶ್ನೆಯನ್ನು ಯಾವಾಗ ಕೇಳುತ್ತೇವೆ ಎಂಬುದರ ಮೇಲೆ ಖರ್ಚು ನಿಂತಿದೆ. ಉಡುಪು ಬರೀ ಚಿತ್ರವಾಗಿ ಹಾಳೆಯ ಮೇಲಿರುವಾಗ ಬದಲಿಸಲು ಇನ್ನೊಂದು ಚಿತ್ರ ಬರೆದರಾಯಿತು. ಅದಕ್ಕೆ ಮೂರು ಆಯಾಮದ ಮಾದರಿ ಕಟ್ಟಿ, ಮೂಳೆಗಳ ಜೋಡಣೆ ಮಾಡಿ, ಬಟ್ಟೆಯ ಚಲನೆ ಹೊಂದಿಸಿ, ಟ್ರೈಲರ್ ಬಿಟ್ಟ ಮೇಲೆ ಬದಲಿಸಲು ಹಲವು ವಾರ ಬೇಕು. ಆಗ ಅಭಿಮಾನಿಗಳ ಸಿಟ್ಟೂ ಸೇರಿಕೊಳ್ಳುತ್ತದೆ, ಏಕೆಂದರೆ ಅವರಿಗೆ ತೋರಿಸಿ ಆಸೆ ಹುಟ್ಟಿಸಿದ್ದನ್ನು ಕಿತ್ತುಕೊಂಡಂತೆ ಆಗುತ್ತದೆ. ಸೆನ್ಸಾರ್ ಎಂಬ ಕೂಗು ಏಳುವುದು ಹೆಚ್ಚಾಗಿ ಈ ಹಂತದಲ್ಲೇ. ಹಾಗಾಗಿ ಆರ್ಟ್ ಡೈರೆಕ್ಟರ್ ಮೊದಲ ಚಿತ್ರಕ್ಕೆ ಸಹಿ ಹಾಕುವ ಮುಂಚೆ ಅದೇ ದಳದ, ಅದೇ ಕೆಲಸದ ಗಂಡು ಪಾತ್ರವನ್ನು ಅವಳ ಪಕ್ಕದಲ್ಲಿ ಇಟ್ಟು ನೋಡಲಿ. ಅವಳ ಬಟ್ಟೆಯನ್ನು ಅವನಿಗೆ, ಅವನದ್ದನ್ನು ಅವಳಿಗೆ ಬದಲಿಸಿ ಬಿಡಿಸಲಿ. ಎರಡೂ ಚಿತ್ರ ಕಣ್ಣಿಗೆ ಸಹಜವಾಗಿ ಕಂಡರೆ ಮುಂದುವರಿಯಬಹುದು. ಒಂದು ಮಾತ್ರ ನಗು ತರಿಸಿದರೆ ಆ ಉಡುಪನ್ನು ಅಲ್ಲಿಯೇ ಮತ್ತೆ ಬರೆಯಬೇಕು.